ಶ್ವೇತಭವನದೊಳಗೂ ನುಗ್ಗಿದ ರೋಗಾಣು

ಅಮೆರಿಕದ ನಾಲ್ವರು ಅಧ್ಯಕ್ಷರು ಅಧಿಕಾರದಲ್ಲಿದ್ದಾಗಲೇ ಗುಂಡೇಟಿಗೆ ಬಲಿಯಾದರು. ಲಿಂಕನ್ ಮತ್ತು ಕೆನಡಿ ಎಲ್ಲರಿಗೂ ಗೊತ್ತು. ಜೇಮ್ಸ್ ಗಾರ್ಫೀಲ್ಡ್ ಅವರ ಕಥೆ ತಿಳಿದವರು ಕಡಿಮೆ. ಅವರ ಪ್ರಾಣ ತೆಗೆದದ್ದು ಗುಂಡಿಗಿಂತ ಹೆಚ್ಚಾಗಿ ತೊಳೆಯದ ಕೈಗಳು ಎಂದು ಇಂದಿನ ಅನೇಕ ವೈದ್ಯರು ಹೇಳುತ್ತಾರೆ.

1881ರ ಜುಲೈ 2ರಂದು ವಾಷಿಂಗ್ಟನ್‌ನ ರೈಲು ನಿಲ್ದಾಣವೊಂದರಲ್ಲಿ ಚಾರ್ಲ್ಸ್ ಗಿಟೋ ಎಂಬವನು ಅವರ ಮೇಲೆ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿಗೆ ಹೊಕ್ಕಿತು. ವೈದ್ಯರು ನಿಲ್ದಾಣದಲ್ಲೇ ಗಾಯದೊಳಗೆ ಬೆರಳು ತೂರಿಸಿ ಗುಂಡಿಗಾಗಿ ತಡಕಾಡಿದರು. ಯಾರೂ ಕೈ ತೊಳೆದಿರಲಿಲ್ಲ, ಸಲಕರಣೆಗಳೂ ಶುದ್ಧವಾಗಿರಲಿಲ್ಲ. ಮುಂದೆ ಶ್ವೇತಭವನದಲ್ಲೂ ಈ ಹುಡುಕಾಟ ನಡೆದೇ ಇತ್ತು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆಹಚ್ಚುವ ಯಂತ್ರವನ್ನೇ ತಂದರು. ಗುಂಡು ಬಲಭಾಗದಲ್ಲಿದೆ ಎಂದು ನಂಬಿದ್ದ ಮುಖ್ಯ ವೈದ್ಯ ವಿಲ್ಲರ್ಡ್ ಬ್ಲಿಸ್ ಆ ಭಾಗವನ್ನು ಮಾತ್ರ ಪರೀಕ್ಷಿಸಲು ಬಿಟ್ಟರು. ಗುಂಡು ಇದ್ದದ್ದು ಎಡಭಾಗದಲ್ಲಿ.

ಗಾಯದಲ್ಲಿ ಕೀವು ತುಂಬಿತು, ಜ್ವರ ಏರಿತು, ದಷ್ಟಪುಷ್ಟವಾಗಿದ್ದ ದೇಹ ಮೂಳೆ ಚಕ್ಕಳವಾಯಿತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ವಯಸ್ಸು 49. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಮೇದೋಜೀರಕ ಗ್ರಂಥಿಯ ಬಳಿ ಸಿಕ್ಕಿತು. ದೇಹವು ಅದರ ಸುತ್ತ ಪೊರೆ ಕಟ್ಟಿಕೊಂಡಿತ್ತು. ಅಂಥ ಗುಂಡನ್ನು ಮೈಯಲ್ಲಿಟ್ಟುಕೊಂಡೇ ಬಹುಕಾಲ ಬದುಕಿದ ಸೈನಿಕರು ಆ ದೇಶದಲ್ಲಿ ಆಗಲೂ ಇದ್ದರು.

ರೋಗಾಣುಗಳನ್ನು ಕೊಂದು ಗಾಯವನ್ನು ಕಾಪಾಡುವ ವಿಧಾನವನ್ನು ಬ್ರಿಟನ್‌ನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1867ರಲ್ಲೇ ಪ್ರಕಟಿಸಿದ್ದರು. 1876ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಮೆರಿಕದ ವೈದ್ಯರಿಗೂ ವಿವರಿಸಿದ್ದರು. ಆದರೆ ಕಣ್ಣಿಗೆ ಕಾಣದ ಜೀವಿ ಕೊಲ್ಲುತ್ತದೆ ಎಂಬುದನ್ನು ಹಲವರು ಒಪ್ಪಲಿಲ್ಲ. ಹೀಗೆ ಔಷಧ ವಿಜ್ಞಾನಕ್ಕೆ ತಿಳಿದಿದ್ದ ಸಂಗತಿ ಅಧ್ಯಕ್ಷರ ಹಾಸಿಗೆಯ ಬಳಿಗೆ ತಲುಪಲೇ ಇಲ್ಲ.

ನೀರಿನ ಕಥೆಯೂ ಇದೆ. 1841ರ ಮಾರ್ಚ್ 4ರಂದು ಪದವಿಗೇರಿದ ವಿಲಿಯಂ ಹೆನ್ರಿ ಹ್ಯಾರಿಸನ್ ಸರಿಯಾಗಿ ಒಂದು ತಿಂಗಳಿಗೆ ನಿಧನರಾದರು. ಚಳಿಯಲ್ಲಿ ಕೋಟು ಧರಿಸದೆ ದೀರ್ಘ ಭಾಷಣ ಮಾಡಿ ನ್ಯುಮೋನಿಯಾ ತಂದುಕೊಂಡರು ಎಂದೇ ಬಹುಕಾಲ ನಂಬಲಾಗಿತ್ತು. ಅವರ ವೈದ್ಯರ ಟಿಪ್ಪಣಿಗಳನ್ನು 2014ರಲ್ಲಿ ಮತ್ತೆ ಪರಿಶೀಲಿಸಿದ ಸಂಶೋಧಕರು ಟೈಫಾಯ್ಡ್‌ನಂಥ ಕರುಳಿನ ಜ್ವರವೇ ಕಾರಣವಿರಬೇಕು ಎಂದರು. ಆಗ ನಗರದ ಮಲವನ್ನು ಸುರಿಯುತ್ತಿದ್ದ ಜಾಗವು ಶ್ವೇತಭವನದ ನೀರಿನ ಮೂಲಕ್ಕೆ ಸಮೀಪದಲ್ಲಿತ್ತು. 1850ರ ಜುಲೈ 4ರ ಸುಡುಬಿಸಿಲಿನಲ್ಲಿ ಸಮಾರಂಭ ಮುಗಿಸಿ ಬಂದು ಹಣ್ಣು, ತಣ್ಣನೆಯ ಹಾಲು ಸೇವಿಸಿದ ಝಕಾರಿ ಟೇಲರ್ ಹೊಟ್ಟೆನೋವು, ಭೇದಿಯಿಂದ ಬಳಲಿ ಐದೇ ದಿನಗಳಲ್ಲಿ ಸತ್ತರು. ವಿಷಪ್ರಾಶನದ ಶಂಕೆಯಿಂದ 1991ರಲ್ಲಿ ಅವರ ಅವಶೇಷಗಳನ್ನು ಹೊರತೆಗೆದು ಪರೀಕ್ಷಿಸಲಾಯಿತು. ವಿಷವಿಕ್ಕಿದ ಪುರಾವೆ ಸಿಗಲಿಲ್ಲ.

ಇನ್ನೊಂದು ಘಟನೆ ತಂದೆ ತಾಯಂದಿರ ಮನ ಕಲಕುವಂಥದ್ದು. 1924ರ ಜೂನ್ ಕೊನೆಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಶೂ ಹಾಕಿಕೊಂಡು ಟೆನಿಸ್ ಆಡಿದ. ಕಾಲ್ಬೆರಳಲ್ಲಿ ಬೊಕ್ಕೆ ಎದ್ದಿತು, ಅದು ನಂಜಾಗಿ ರಕ್ತಕ್ಕೆ ಹರಡಿತು. ಜುಲೈ 7ರಂದು ಹುಡುಗ ತೀರಿಕೊಂಡ. ದೇಶದ ನುರಿತ ವೈದ್ಯರು ಪಕ್ಕದಲ್ಲೇ ಇದ್ದರು. ಆದರೆ ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ರೋಗಿಗಳ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ.

ಕಾವಲುಗಾರರು, ಹಣ, ಅಧಿಕಾರ ಯಾವುದೂ ರೋಗಾಣುವನ್ನು ತಡೆಯಲಿಲ್ಲ. ಅದನ್ನು ತಡೆಯಬಲ್ಲ ಸಾಬೂನು, ಶುದ್ಧ ನೀರು ಇಂದು ನಮ್ಮ ಮನೆಯಲ್ಲೇ ಇವೆ. ಆದರೂ ಗಾಯಕ್ಕೆ ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಮೆತ್ತಿಕೊಂಡು ಬರುವವರನ್ನು ನಾನು ಚಿಕಿತ್ಸಾಲಯದಲ್ಲಿ ಈಗಲೂ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಸಣ್ಣ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆದು ಶುಚಿಯಾದ ಬಟ್ಟೆ ಕಟ್ಟಿರಿ. ಬೊಕ್ಕೆಯನ್ನು ಸೂಜಿಯಿಂದ ಚುಚ್ಚಬೇಡಿ. ಆಳದ ಗಾಯಕ್ಕೆ ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರಲ್ಲಿ ಕೇಳಿರಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಪ್ರತಿ ರಾತ್ರಿ ಅವರ ಪಾದ, ಬೆರಳ ಸಂದು ನೋಡಿರಿ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಗಾಯವಾದದ್ದೇ ಗೊತ್ತಾಗುವುದಿಲ್ಲ.

ಗಾಯದ ಸುತ್ತ ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಅಥವಾ ನಡುಕ ಕಾಣಿಸಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ನಾನು ಯುನಾನಿ ವೈದ್ಯ. ಆದರೂ ಇಂಥ ರೋಗಿಯನ್ನು ಲೇಪ ಹಚ್ಚಿ ಮನೆಗೆ ಕಳುಹಿಸುವುದಿಲ್ಲ, ಅಂದೇ ಆಸ್ಪತ್ರೆಗೆ ಕಳುಹಿಸುತ್ತೇನೆ. ಕೂಲಿಡ್ಜ್‌ರ ಮಗನಿಗೆ ಸಿಗದ ಮದ್ದು ಇಂದು ಸರಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ. ಸಮಯಕ್ಕೆ ಸರಿಯಾಗಿ ಅಲ್ಲಿಗೆ ತಲುಪುವುದು ಮಾತ್ರ ನಮ್ಮ ಕೈಯಲ್ಲಿದೆ.