ರೇಸ್ ಮುಗಿಸಿದ ಪುಟ್ಟಜ್ಜಿ

ಹೋದ ಸಂಚಿಕೆಯಲ್ಲಿ ನಾವು ಮಾತಾಡುವಾಗ ಹಿಂದಿನಿಂದ ಗೊರಕೆ ಕೇಳಿಸ್ತಿತ್ತು, ಅದು ಯಾರದು ಅಂತ ಹಲವರು ಕೇಳಿದ್ದೀರಿ. ಅದು ಪುಟ್ಟಜ್ಜಿಯದು. ವಯಸ್ಸು 9, ತೂಕ 28 ಕಿಲೋ, ತಳಿ ಗ್ರೇಹೌಂಡ್, ಹಿಂದಿನ ಕಸುಬು ರೇಸು. ಓಟ ನಿಂತ ಮೇಲೆ ಕೆಲವು ವರ್ಷ ಮರಿ ಹಾಕಿಸೋಕೆ ಇಟ್ಟುಕೊಂಡಿದ್ದರಂತೆ. ನಮ್ಮ ಮೆಲ್ಬರ್ನ್ ಮನೆಗೆ ಬರುವ ತನಕ ಅವಳು ಮನೆ ಅನ್ನೋದನ್ನೇ ಕಂಡಿರಲಿಲ್ಲ. ಮೆಟ್ಟಿಲು ಹತ್ತೋಕೆ ಬರ್ತಿರಲಿಲ್ಲ, ಗಾಜಿನ ಬಾಗಿಲು ಏನು ಅಂತ ಗೊತ್ತಿರಲಿಲ್ಲ. ಎರಡನ್ನೂ 9ನೇ ವಯಸ್ಸಲ್ಲೇ ಕಲಿತಳು.

ಫೋಟೋ ನೋಡಿದ ಊರ ಕಡೆಯವರು "ಇದು ಮುಧೋಳದ ನಾಯಿ ಅಲ್ವಾ?" ಅಂತಾರೆ. ತಳಿ ಬೇರೆ, ಆದರೆ ಅನುಮಾನ ಸಹಜವೇ. ಎರಡೂ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳು. ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಉದ್ದ ಕಾಲು. ಆಮೇಲೆ ಬರೋ ಪ್ರಶ್ನೆ: ದಿನಾ ಎಷ್ಟು ಕಿಲೋಮೀಟರ್ ಓಡಿಸ್ತೀರಿ?

ಓಡಿಸೋದೇ ಇಲ್ಲ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರ್ ದಾಟಬಲ್ಲದು ನಿಜ, ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ ಅನ್ನೋದೂ ನಿಜ. ಆದರೆ 500 ಮೀಟರ್ ರೇಸು ಮುಗಿಯೋದು ಸುಮಾರು 30 ಸೆಕೆಂಡಿಗೆ. ಈ ದೇಹ ಇರೋದು ಅಷ್ಟು ಹೊತ್ತಿಗೆ. ಉಳಿದ ಹೊತ್ತೆಲ್ಲ ನಿದ್ದೆ. ಪುಟ್ಟಜ್ಜಿಗೆ ಬೆಳಗ್ಗೆ, ಸಂಜೆ ಇಪ್ಪತ್ತು ನಿಮಿಷದ ನಡಿಗೆ ಸಾಕು. ಮಳೆ ಬಂದರೆ ಅದೂ ಬೇಡ ಅಂತ ಬಾಗಿಲಲ್ಲೇ ನಿಂತುಬಿಡ್ತಾಳೆ. ಸಂತೋಷವಾದಾಗ ಹಲ್ಲು ಕಟಕಟ ಅನ್ನಿಸ್ತಾಳೆ, ಚಳಿಗೆ ನಡುಗಿದ ಹಾಗೆ. ನಾಲ್ಕು ಕಾಲು ಮೇಲೆ ಮಾಡಿ ಮಲಗ್ತಾಳೆ. ಕೆಲವೊಮ್ಮೆ ಕಣ್ಣು ತೆರೆದೇ ನಿದ್ದೆ ಹೋಗ್ತಾಳೆ, ಹಾಗಾಗಿ ಮುಟ್ಟೋ ಮೊದಲು ಹೆಸರು ಕೂಗಬೇಕು. ಸಾಲು ಗೂಡುಗಳಲ್ಲಿ ಒಂಟಿಯಾಗಿ ಮಲಗಿದ ನಾಯಿಗೆ ನಿದ್ದೆಯಲ್ಲಿ ಯಾರೋ ಮುಟ್ಟೋ ರೂಢಿ ಇರಲ್ಲ.

ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು. ಇಷ್ಟು ವಯಸ್ಸಾದದ್ದನ್ನ ಯಾಕೆ ತಂದ್ರಿ?

ನಮಗೆ ಶಾಂತ ಜೀವ ಬೇಕಿತ್ತು, ಅದು ಒಂದು ಕಾರಣ. ಆದರೆ ಮುದಿ ಗ್ರೇಹೌಂಡ್ ತರುವವರು ಪ್ರೀತಿಯ ಜೊತೆಗೆ ಒಂದಿಷ್ಟು ಜೀವಶಾಸ್ತ್ರವನ್ನೂ ಮನೆಗೆ ತರಬೇಕು. ಯಾಕಂದ್ರೆ ಈ ನಾಯಿಗಳ ರಕ್ತಪರೀಕ್ಷೆ ವರದಿ ಸುಳ್ಳು ಹೇಳದೆಯೇ ದಾರಿ ತಪ್ಪಿಸುತ್ತೆ. ಬೇರೆ ನಾಯಿಗಳ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು 37ರಿಂದ 55 ಶೇಕಡಾ ಇದ್ದರೆ, ಗ್ರೇಹೌಂಡಿನಲ್ಲಿ 60 ಕಂಡರೂ ಗಾಬರಿ ಬೇಡ. ಆಮ್ಲಜನಕ ಸಾಗಿಸೋಕೆ ಅದು ಇರಲೇಬೇಕಾದದ್ದು. ಪ್ಲೇಟ್‌ಲೆಟ್ ಮಾತ್ರ ಕಡಿಮೆ. ಥೈರಾಯ್ಡ್ ಹಾರ್ಮೋನ್ ಕೂಡ ಕಡಿಮೆ, ಹುಟ್ಟಾ ಸ್ವಭಾವದಿಂದ.

ಕೊನೆಯದೇ ದೊಡ್ಡ ತಲೆನೋವು. ವಯಸ್ಸಾದ ನಾಯಿ, ಸದಾ ಮಲಗಿರುತ್ತೆ, ತೊಡೆಯಲ್ಲಿ ಕೂದಲು ಉದುರಿದೆ, ವರದಿಯಲ್ಲಿ ಥೈರಾಯ್ಡ್ ಕಡಿಮೆ. ನೋಡಿದವರು ತಕ್ಷಣ ಮಾತ್ರೆ ಬರೀತಾರೆ, ಜೀವಮಾನ ಪೂರ್ತಿ. ಆದರೆ ಬೋಳು ತೊಡೆ, ಜಾಸ್ತಿ ನಿದ್ದೆ, ಕಡಿಮೆ ಹಾರ್ಮೋನ್, ಮೂರೂ ಈ ತಳಿಯಲ್ಲಿ ಮಾಮೂಲಿ. ಮಾತ್ರೆ ಶುರು ಮಾಡೋ ಮುಂಚೆ "ಇದು ಗ್ರೇಹೌಂಡಿನ ಲೆಕ್ಕದಲ್ಲಿ ಕಡಿಮೆಯೋ, ನಾಯಿಗಳ ಲೆಕ್ಕದಲ್ಲಿ ಕಡಿಮೆಯೋ?" ಅಂತ ಕೇಳಿ. ಅರಿವಳಿಕೆ ವಿಚಾರದಲ್ಲೂ ಹಾಗೇ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಕೆಲವು ಔಷಧಿಗಳನ್ನ ನಿಧಾನವಾಗಿ ಒಡೆಯುತ್ತೆ. ಹಳೇ ಕಾಲದ ಥಯೋಪೆಂಟಾಲ್ ಕೊಟ್ಟರೆ ಎಚ್ಚರವಾಗೋಕೆ ತುಂಬಾ ಹೊತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆದ ಒಂದೆರಡು ದಿನಕ್ಕೆ ರಕ್ತ ಸೋರೋಕೆ ಶುರುವಾಗೋದೂ ಉಂಟು. ಹಲ್ಲು ಕೀಳಿಸೋ ಮುನ್ನ ಇದನ್ನೆಲ್ಲ ಮಾತಾಡಿಕೊಳ್ಳಿ, ಯಾಕಂದ್ರೆ ರೇಸಿನಿಂದ ಬಂದ ನಾಯಿಗಳ ಹಲ್ಲು ಸಾಮಾನ್ಯವಾಗಿ ಕೆಟ್ಟೇ ಇರುತ್ತೆ.

ಇನ್ನು ಕುಂಟು. ಹುಲ್ಲಿನ ಮೇಲೆ ಸರಿಯಾಗಿ ನಡೆದು ಕಾಂಕ್ರೀಟ್ ಮೇಲೆ ಕುಂಟಿದರೆ ಮೊದಲು ಅಂಗಾಲು ನೋಡಿ, ಈ ತಳಿಗೆ ಪಾದದಲ್ಲಿ ಆಣಿ ಬರೋದು ಹೆಚ್ಚು. ಎಲ್ಲ ಕಡೆ ಕುಂಟಿದರೆ, ಅದೂ ದಿನೇದಿನೇ ಜಾಸ್ತಿಯಾದರೆ, ಸಂಧಿವಾತ ಅಂತ ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ. ಎಕ್ಸ್-ರೇ ಮಾಡಿಸಿ. ಮೂಳೆಯ ಕ್ಯಾನ್ಸರ್ ಗ್ರೇಹೌಂಡ್‌ಗಳನ್ನ ಬಹಳ ಕಾಡೋ ರೋಗ. ಪುಟ್ಟಜ್ಜಿ ಒಂದು ಹೆಜ್ಜೆ ತಪ್ಪಿಟ್ಟರೂ ನಮ್ಮ ಎದೆ ಧಸಕ್ ಅನ್ನುತ್ತೆ. ಇಲ್ಲಿ ತನಕ ಬರೀ ಆಣಿ.

ಎಷ್ಟು ದಿನ ಇರ್ತಾಳೆ? ಈ ತಳಿಯ ಆಯಸ್ಸು ಸಾಮಾನ್ಯವಾಗಿ 10ರಿಂದ 13 ವರ್ಷ. ಲೆಕ್ಕ ನಮಗೂ ಬರುತ್ತೆ. ಮರಿ ತಂದಿದ್ದರೆ ಲೆಕ್ಕ ಬೇರೆ ಇರ್ತಿತ್ತು, ಆದರೆ ಮರಿಗೆ ಮನೆ ಹೇಗೂ ಸಿಗುತ್ತೆ.

ವಿಕ್ಟೋರಿಯಾದಲ್ಲಿ 2019ರ ಜನವರಿಯಿಂದ ಸಾಕಿದ ಗ್ರೇಹೌಂಡಿಗೆ ಬೀದಿಯಲ್ಲಿ ಬಾಯಿಕುಕ್ಕೆ ಕಡ್ಡಾಯವಲ್ಲ, ಹಗ್ಗ ಮಾತ್ರ ಬೇಕು. ಕುಕ್ಕೆ ಹೋದ ಮೇಲೆ ಮಕ್ಕಳು ಹತ್ತಿರ ಬರ್ತಾರೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ ಬರ್ತಾರೆ, ಅದಕ್ಕೆ ಅವಳ ಅಂಗಿ ಕಾರಣ. ತೆಳು ಚರ್ಮ, ತೆಳು ಕೂದಲು, ಹೊದಿಕೆ ಇಲ್ಲದೆ ಹೊರಗೆ ಹೋಗೋ ಹಾಗಿಲ್ಲ. ಧಾರವಾಡದಿಂದ ಬಂದಿದ್ದ ಅಮ್ಮ ಅಂಗಡಿಯ ಕೋಟಿನ ಬೆಲೆ ಕೇಳಿ, ತಮ್ಮ ಎರಡು ಹಳೇ ಸೀರೆ ಮಡಚಿ, ಅವಳ ಬೆನ್ನಿನ ಅಳತೆಗೆ ಒಂದು ಕೌದಿ ಹೊಲಿದು ಕೊಟ್ಟು ಹೋದರು.