ನವಿಲೂ ಟರ್ಕಿ ಕೋಳಿಯೂ

ಕೆಂಗೇರಿಗೆ ಸಮೀಪವಾದ ತುರಹಳ್ಳಿಯ ಕಾಡಿನಲ್ಲಿಯೂ ಜ್ಞಾನಭಾರತಿಯ ಮರಗಳ ನಡುವೆಯೂ ಈಗಲೂ ನವಿಲಿನ ಕೂಗು ಕೇಳಿಬರುವುದುಂಟು. ಕ್ರಿಸ್ತಜಯಂತಿಯ ಕಾಲದಲ್ಲಿ ನಮ್ಮ ಕೆಲವು ಮನೆಗಳಿಗೆ ಟರ್ಕಿ ಕೋಳಿಯೂ ಬರುತ್ತದೆ. ಎರಡೂ ಗರಿಗೆದರಿ ಮೆರೆಯುವ ಪಕ್ಷಿಗಳು. ಆದುದರಿಂದ ಒಂದನ್ನು ಸಾಕುವಂತೆ ಮತ್ತೊಂದನ್ನೂ ಏಕೆ ಸಾಕಬಾರದೆಂದು ಮಕ್ಕಳು ಕೇಳುವುದು ಸಹಜವೇ.

ಇವೆರಡೂ ಕೋಳಿಯ ಕುಟುಂಬಕ್ಕೇ ಸೇರಿದವು. ನವಿಲು ನಮ್ಮ ದೇಶದ ಪಕ್ಷಿ. ಸೊಲೊಮೋನನ ಹಡಗುಗಳು ತಂದ ವಸ್ತುಗಳಲ್ಲಿ ಅದರ ಹೆಸರನ್ನು ಸತ್ಯವೇದದಲ್ಲಿ ಓದುತ್ತೇವೆ. ಟರ್ಕಿ ಕೋಳಿಯ ತವರಾದರೋ ಅಮೆರಿಕ. ಮೆಕ್ಸಿಕೋದ ಜನರು ಪಳಗಿಸಿದ ಆ ಪಕ್ಷಿಯು 16ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು.

ಟರ್ಕಿಯ ಹುಂಜವು ಬೀಸಣಿಗೆಯಂತೆ ಬಿಚ್ಚುವುದು ತನ್ನ ನಿಜವಾದ ಬಾಲವನ್ನೇ. ಗಂಡುನವಿಲಿನ ಕಣ್ಣುಗರಿಗಳಾದರೋ ಬಾಲವಲ್ಲ. ಬಾಲದ ಮೇಲೆ ಬೆಳೆದ ಹೊದಿಕೆಯ ಗರಿಗಳು. ಗಿಡ್ಡವಾದ ನಿಜಬಾಲವು ಹಿಂದೆ ನಿಂತು ಅವುಗಳಿಗೆ ಆಸರೆಯಾಗುತ್ತದೆ. ಮಳೆಗಾಲವು ಮುಗಿಯುತ್ತ ಬಂದಂತೆ ಅವು ಉದುರಿ, ಮತ್ತೆ ಹೊಸದಾಗಿ ಬೆಳೆಯುತ್ತವೆ.

ಎರಡರ ಮೊಟ್ಟೆಗಳಿಗೂ ಸುಮಾರು 28 ದಿನಗಳ ಕಾವು ಬೇಕು. ಟರ್ಕಿಯ ಮರಿಗಳು ಮೇವು ತಿನ್ನಲು ಕಲಿಯುವುದು ನಿಧಾನ. ಬೆಚ್ಚನೆಯ ಒಣನೆಲವಿಲ್ಲದೆ ಅವು ಉಳಿಯಲಾರವು. ಊರಕೋಳಿಗಳೊಡನೆ ಬಿಟ್ಟರೆ, ಕೋಳಿಗಳನ್ನು ಅಷ್ಟಾಗಿ ಬಾಧಿಸದ ಯಕೃತ್ತಿನ ರೋಗವೊಂದು ತಗಲಿ ಸಾಯುವುದುಂಟು. ಹೆಣ್ಣುನವಿಲಾದರೋ ಪೊದೆಯ ಮರೆಯಲ್ಲಿ, ನೆಲದ ಮೇಲೆಯೇ ನಾಲ್ಕಾರು ಮೊಟ್ಟೆಗಳನ್ನಿಟ್ಟು, ಗಂಡಿನ ನೆರವಿಲ್ಲದೆ ಮರಿಗಳನ್ನು ಸಲಹುತ್ತದೆ.

ಟರ್ಕಿಯನ್ನು ಯಾರೂ ಸಾಕಬಹುದು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಅದರ ಮೊಟ್ಟೆಗಳನ್ನು ತೆಗೆಯುವುದೂ ಅಪರಾಧ. ಪೊದೆಯಲ್ಲಿ ಮೊಟ್ಟೆಗಳನ್ನು ಕಂಡ ಮಗುವಿಗೆ, ಮುಟ್ಟದೆ ಹಿಂದಿರುಗುವುದೇ ನವಿಲಿಗೆ ನಾವು ಮಾಡುವ ಪೋಷಣೆಯೆಂದು ತಾಯಂದಿರು ತಿಳಿಯಹೇಳಲಿ.