ಅಕ್ಷತೆ ಬಿದ್ದಾಗ ಒಡೆದ ಚಿತ್ರ

2005ರಲ್ಲಿ ಅಕ್ಕನ ಮದುವೆಯಾಯಿತು. ಸ್ಟುಡಿಯೋದವರು ಎರಡು ಡಿವಿಡಿ ಕೊಟ್ಟರು. ಒಂದರಲ್ಲಿ ಮುಹೂರ್ತ, ಇನ್ನೊಂದರಲ್ಲಿ ಆರತಕ್ಷತೆ. ಹುಬ್ಬಳ್ಳಿಯ ಚಿಕ್ಕಪ್ಪನಿಗೆ ಕಳಿಸೋಣವೆಂದು ಎರಡನ್ನೂ ಕುಗ್ಗಿಸಿ ಒಂದೇ ಡಿಸ್ಕಿಗೆ ಇಳಿಸಿದೆ. ಡಿವಿಡಿ ಶ್ರಿಂಕ್ ಎಂಬ ಉಚಿತ ತಂತ್ರಾಂಶ ಆ ಕೆಲಸವನ್ನು ಒಂದು ಗಂಟೆಯೊಳಗೇ ಮುಗಿಸಿತು. ಹಾಕಿ ನೋಡಿದರೆ ಪುರೋಹಿತರು, ಮಂಟಪ, ನೆಂಟರ ಮುಖ ಎಲ್ಲವೂ ಸರಿಯಾಗಿದ್ದವು. ಗಟ್ಟಿಮೇಳ ಮೊಳಗಿ ಅಕ್ಷತೆ ಬಿದ್ದದ್ದೇ ತಡ, ಚಿತ್ರ ಚೌಕಚೌಕವಾಗಿ ಒಡೆದುಹೋಯಿತು. ಇಡೀ ಮದುವೆಯಲ್ಲಿ ನಾವು ಮತ್ತೆ ಮತ್ತೆ ನೋಡಬಯಸುವ ಕ್ಷಣವೇ ಯಾಕೆ ಹೀಗಾಯಿತು?

ಕಾರಣ ಹುಡುಕುತ್ತ ಹೋದರೆ ದಾರಿ ಬೆಂಗಳೂರಿಗೇ ಬಂತು. 1940ರಲ್ಲಿ ಇಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಆಮೇಲೆ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಅದನ್ನು ಬಹಳ ಚಿಕ್ಕದಾಗಿಸಬಹುದು ಎಂದು ಅವರಿಗೆ ಹೊಳೆದಿತ್ತು. ಅದನ್ನು ಪರೀಕ್ಷಿಸಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು, ಸಿಗಲಿಲ್ಲ. ಅವರು ಬಿಡಲಿಲ್ಲ. ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಕೆ.ಆರ್. ರಾವ್ ಜತೆಗೂಡಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಡಿಜಿಟಲ್ ಫೋಟೊ, ಡಿವಿಡಿ, ಇಂದಿನ ಆನ್‌ಲೈನ್ ವಿಡಿಯೊ ಎಲ್ಲದರ ಬೇರೂ ಅಲ್ಲಿದೆ. ಅವರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು.

ನಮ್ಮ ಟಿವಿ ಪದ್ಧತಿಯ ಡಿವಿಡಿ ಚಿತ್ರದಲ್ಲಿ ಸೆಕೆಂಡಿಗೆ 25 ಫ್ರೇಮ್, ಒಂದೊಂದೂ 720×576 ಚುಕ್ಕಿ. ಎರಡು ಗಂಟೆಯ ಸಿನಿಮಾವನ್ನು ಕುಗ್ಗಿಸದೆ ಇಟ್ಟರೆ ನೂರು ಜಿಬಿ ದಾಟುತ್ತದೆ. ಎಂಪೆಗ್-2 ವಿಧಾನ ಫ್ರೇಮನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಅಹ್ಮದರ ಲೆಕ್ಕದಂತೆ 64 ಅಂಕಿಗಳಾಗಿ ಬದಲಿಸುತ್ತದೆ. ನಂತರ ಆ ಅಂಕಿಗಳನ್ನು ದುಂಡಗಾಗಿಸುತ್ತದೆ. ಅಂಗಡಿಯಲ್ಲಿ 50 ಗ್ರಾಮಿನ ತೂಕದ ಕಲ್ಲಿದ್ದರೆ 430 ಗ್ರಾಂ ಬೆಲ್ಲವನ್ನು 450 ಎಂದು ಬರೆದುಕೊಳ್ಳಬಹುದು. ಕಾಲು ಕೆಜಿಯ ಕಲ್ಲು ಮಾತ್ರ ಇದ್ದರೆ ಅದು ಅರ್ಧ ಕೆಜಿಯೇ ಆಗಿಬಿಡುತ್ತದೆ. ಕಲ್ಲು ದೊಡ್ಡದಾದಷ್ಟೂ ಲೆಕ್ಕ ಚಿಕ್ಕದು, ನಷ್ಟ ಹೆಚ್ಚು. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

1996ರ ನವೆಂಬರಿನಲ್ಲಿ ಜಪಾನಿನಲ್ಲಿ ಡಿವಿಡಿ ಮಾರುಕಟ್ಟೆಗೆ ಬಂತು. ಕಾರ್ಖಾನೆಯಲ್ಲಿ ಅಚ್ಚಾಗುವ ಎರಡು ಪದರದ ಡಿಸ್ಕಿನಲ್ಲಿ 8.5 ಜಿಬಿ ಹಿಡಿಯುತ್ತಿತ್ತು. ಮನೆಯಲ್ಲಿ ಬರೆಯುವ ಖಾಲಿ ಡಿಸ್ಕಿನಲ್ಲಿ 4.7 ಮಾತ್ರ. ಎರಡು ಪದರದ ಖಾಲಿ ಡಿಸ್ಕ್ ಬಂದದ್ದು 2004ರಲ್ಲಿ, ಅದೂ ದುಬಾರಿ. ಈ ಅಂತರವೇ ಡಿವಿಡಿ2ಒನ್, ಡಿವಿಡಿ ಶ್ರಿಂಕ್, ನೀರೊ ರೀಕೋಡ್‌ನಂಥ ತಂತ್ರಾಂಶಗಳನ್ನು ಹುಟ್ಟಿಸಿತು.

ಅದಕ್ಕೂ ಮುಂಚಿನಿಂದ ಇದ್ದದ್ದು ಉದ್ದದ ದಾರಿ. ಡಿಸ್ಕಿನ ಚಿತ್ರವನ್ನು ಪೂರ್ತಿ ಬಿಡಿಸಿ, ಚುಕ್ಕಿಚುಕ್ಕಿಯಾಗಿ ಹರಡಿ, ಮತ್ತೆ ಮೊದಲಿನಿಂದ ಎನ್‌ಕೋಡ್ ಮಾಡುವುದು. ಟಿಎಂಪೆಗ್‌ಎಂಕ್, ಸಿನೆಮಾ ಕ್ರಾಫ್ಟ್ ಎನ್‌ಕೋಡರ್ ಇಂಥವು. ಇವು ಚಿತ್ರವನ್ನು ಎರಡು ಸಲ ಓದಬಲ್ಲವು. ಮೊದಲ ಸಲ ಎಲ್ಲಿ ಗದ್ದಲ, ಎಲ್ಲಿ ಶಾಂತ ಎಂದು ಗುರುತಿಸಿ, ಎರಡನೇ ಸಲ ಬಿಟ್‌ಗಳನ್ನು ಹಂಚುತ್ತವೆ. ರಾತ್ರಿಯಿಡೀ ಕಂಪ್ಯೂಟರ್ ಹಚ್ಚಿಟ್ಟು ಮಲಗಬೇಕಿತ್ತು.

ಶ್ರಿಂಕ್‌ನಂಥವು ಅಡ್ಡದಾರಿ ಹಿಡಿದವು. ಚಿತ್ರವನ್ನು ಪೂರ್ತಿ ಬಿಡಿಸುವ ಗೋಜಿಗೆ ಹೋಗದೆ ಆ 64 ಅಂಕಿಗಳವರೆಗೆ ಮಾತ್ರ ಬಿಚ್ಚಿ, ಇನ್ನೂ ದೊಡ್ಡ ಕಲ್ಲಿನಿಂದ ತೂಗಿ, ಮತ್ತೆ ಕಟ್ಟಿಡುವುದು. ಚಲನೆ ಹುಡುಕುವ ದೊಡ್ಡ ಕೆಲಸ ಮೊದಲೇ ಮುಗಿದಿರುವುದರಿಂದ ವೇಗ ಅಪಾರ. ಅದನ್ನು ಯೋಚಿಸಿದವರ ಜಾಣ್ಮೆ ನನಗೆ ಇಂದಿಗೂ ಮೆಚ್ಚುಗೆ. ತೊಡಕು ಇರುವುದು ಬೇರೆ ಕಡೆ. ಎಂಪೆಗ್‌ನಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಫ್ರೇಮ್ ಮಾತ್ರ ಸ್ವತಂತ್ರ. ಉಳಿದವು ಪಕ್ಕದ ಫ್ರೇಮನ್ನು ನೋಡಿ, ‘ಅರಳಿಮರದಿಂದ ಎಡಕ್ಕೆ ನಾಲ್ಕನೇ ಮನೆ’ ಎಂಬಂತೆ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಅಡ್ಡದಾರಿಯಲ್ಲಿ ಮರ ತುಸು ಸರಿದಿರುತ್ತದೆ, ವಿಳಾಸ ಮಾತ್ರ ಹಳೆಯದೇ. ತಪ್ಪು ಫ್ರೇಮಿನಿಂದ ಫ್ರೇಮಿಗೆ ಕೂಡುತ್ತ ಹೋಗಿ, ಮುಂದಿನ ಸ್ವತಂತ್ರ ಫ್ರೇಮ್ ಬಂದೊಡನೆ ಚಿತ್ರ ಥಟ್ಟನೆ ಚೊಕ್ಕವಾಗುತ್ತದೆ. ಸೂಕ್ಷ್ಮವಾಗಿ ನೋಡಿದರೆ ಹಿನ್ನೆಲೆಯ ಗೋಡೆ ಉಸಿರಾಡಿದಂತೆ ಕಾಣುವುದು ಇದರಿಂದಲೇ. ಯಾವ ಫ್ರೇಮಿಗೂ ಆಧಾರವಾಗದ ‘ಬಿ’ ಫ್ರೇಮುಗಳಲ್ಲಿ ಹೆಚ್ಚು ಕತ್ತರಿಸಿದರೆ ಈ ಹಾನಿ ಹರಡುವುದಿಲ್ಲ.

ನೂರರಲ್ಲಿ ಎಂಬತ್ತು ಉಳಿಸಿಕೊಂಡರೆ ಮನೆಯ ಟಿವಿಯಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಇಳಿಸಿದ್ದು ಐವತ್ತಕ್ಕೆ. ಅಕ್ಷತೆಯ ಒಂದೊಂದು ಕಾಳಿಗೂ ಒಂದೊಂದು ದಾರಿ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸಲು ಆಗುವುದೇ ಇಲ್ಲ. ಬಿಟ್‌ಗಳು ಅತಿ ಹೆಚ್ಚು ಬೇಕಾದ ಜಾಗದಲ್ಲೇ ನಾನು ಅರ್ಧ ಕಿತ್ತುಕೊಂಡಿದ್ದೆ. ಸಿನಿಮಾ ಡಿಸ್ಕಾದರೆ ಕೇಳದ ಆಡಿಯೊ ಟ್ರ್ಯಾಕ್ ತೆಗೆದೇ ಜಾಗ ಉಳಿಸಬಹುದು. 768 ಕಿಲೋಬಿಟ್ಟಿನ ಒಂದು ಡಿಟಿಎಸ್ ಟ್ರ್ಯಾಕ್ ಎರಡು ಗಂಟೆಗೆ ಹತ್ತಿರಹತ್ತಿರ 700 ಎಂಬಿ ತಿನ್ನುತ್ತದೆ. ಮದುವೆ ಡಿಸ್ಕಿನಲ್ಲಿ ತೆಗೆಯಲು ಅಂಥದ್ದೇನೂ ಇರಲಿಲ್ಲ.

ಇನ್ನೊಂದು ಗುಂಪು ಎಂಪೆಗ್-2ರ ಸಹವಾಸವನ್ನೇ ಬಿಟ್ಟಿತು. ಡಿವ್‌ಎಕ್ಸ್, ಎಕ್ಸ್‌ವಿಡ್ ಬಂದು ಸಿನಿಮಾವನ್ನು 700 ಎಂಬಿಯ ಸಿಡಿಗೆ ತುಂಬಿದವು. 2003ರಲ್ಲಿ ಎಚ್.264 ಬಂತು. ಚೌಕಗಳ ಅಂಚನ್ನು ನಯಗೊಳಿಸುವ ಸೋಸುವಿಕೆ ಅದರ ವಿಧಾನದಲ್ಲೇ ಸೇರಿದೆ. ಅದೇ ವರ್ಷ ಎರಿಕ್ ಪೆಟಿ ಶುರುಮಾಡಿದ ಹ್ಯಾಂಡ್‌ಬ್ರೇಕ್ ಈಗಲೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಗಾತ್ರ ಹೇಳಬೇಕಿಲ್ಲ. ಗುಣಮಟ್ಟ ಇಷ್ಟಿರಲಿ ಎಂದರೆ ಸಾಕು, ದೃಶ್ಯಕ್ಕೆ ತಕ್ಕಂತೆ ಗಾತ್ರವನ್ನು ಅದೇ ತೀರ್ಮಾನಿಸುತ್ತದೆ. ಕುಗ್ಗಿಸುವುದಾದರೆ ಹೀಗೇ ಕುಗ್ಗಿಸಬೇಕು.

ಹೋದ ವರ್ಷ ಅಮ್ಮನ ಟ್ರಂಕಿನಲ್ಲಿ ಆ ಎರಡು ಮೂಲ ಡಿಸ್ಕ್‌ಗಳು ಸಿಕ್ಕವು. ಮುಹೂರ್ತದ್ದು ಓದಿತು. ಹ್ಯಾಂಡ್‌ಬ್ರೇಕಿಗೆ ಕೊಟ್ಟು ನಿಧಾನದ ಸೆಟ್ಟಿಂಗ್ ಇಟ್ಟೆ. ಅಮ್ಮನ ಸೆರಗಿನ ಮೇಲೆ ನಿಂತ ಅಕ್ಷತೆಯ ಕಾಳುಗಳು ಈಗ ಬಿಡಿಬಿಡಿಯಾಗಿ ಕಾಣುತ್ತವೆ. ಆರತಕ್ಷತೆಯ ಡಿಸ್ಕ್ ಓದಲಿಲ್ಲ, ಮೂರು ಡ್ರೈವ್‌ಗಳಲ್ಲಿ ಹಾಕಿ ನೋಡಿದೆ. ಆ ಸಂಜೆಗೆ ಚಿಕ್ಕಪ್ಪನ ಮನೆಯಲ್ಲಿರುವ ಕುಗ್ಗಿದ ಪ್ರತಿಯೇ ಗತಿ.